ಖಾಲಿ ಕೊಂಬೆಯ ಮುಂದೆ ಒಂದು ವರ್ಷ

ಅಣ್ಣ ತೀರಿಕೊಂಡು ಮೂರು ತಿಂಗಳಾದ ಮೇಲೆ ಒಂದು ದಿನ ಅತ್ತಿಗೆ ಅವನ ಕ್ಯಾಮೆರಾ ಚೀಲವನ್ನು ತಂದು ನನ್ನ ಮುಂದಿಟ್ಟು, "ಇದು ಇಲ್ಲೇ ಇದ್ದರೆ ದಿನಾ ಕಣ್ಣಿಗೆ ಬೀಳುತ್ತದೆ, ನೀನು ತೆಗೆದುಕೊಂಡು ಹೋಗು" ಎಂದರು. ಚೀಲದಲ್ಲಿ ಒಂದು ಕ್ಯಾಮೆರಾ, 400 ಮಿ.ಮೀ. ಲೆನ್ಸ್, ಎರಡು ಮೆಮೊರಿ ಕಾರ್ಡು ಮತ್ತು ನೀರು ತಾಗಿ ಉಬ್ಬಿದ ಒಂದು ಸಣ್ಣ ನೋಟ್‌ಬುಕ್ ಇದ್ದವು. ಅವನು ಕೊನೆಯದಾಗಿ ಬಳಸಿದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ ಅದರಲ್ಲಿ 214 ಚಿತ್ರಗಳಿದ್ದವು, ಎಲ್ಲವೂ ನೀರಿನ ಮೇಲೆ ಬಾಗಿದ ಒಂದೇ ಒಣ ಕೊಂಬೆಯವು. ಒಂದರಲ್ಲೂ ಹಕ್ಕಿ ಇರಲಿಲ್ಲ. ಕೆಲವು ಚಿತ್ರಗಳಲ್ಲಂತೂ ಕೊಂಬೆಯ ತುದಿಯೇ ಮಸುಕಾಗಿತ್ತು. ಕಾಯಿಲೆಯ ನಡುವೆ ಕೈ ನಡುಗಿರಬೇಕು ಎಂದುಕೊಂಡು ಕಂಪ್ಯೂಟರ್ ಮುಚ್ಚಿದೆ.

ಅಣ್ಣನನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದ ಮೇಲೆ 41 ದಿನ ನಾನು ಅದರ ಹೊರಗಿನ ಬೆಂಚಿನಲ್ಲಿ ಕಾದಿದ್ದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು, ಹೆಸರು ಕೂಗಿದ್ದು ನಮ್ಮದಲ್ಲವೆಂದು ತಿಳಿದು ಮತ್ತೆ ಕೂರುವುದು, ಇದೇ ಆ 41 ದಿನಗಳ ಕೆಲಸವಾಗಿತ್ತು. ಅದೆಲ್ಲ ಮುಗಿದ ಮೇಲೆ ನನಗೆ ಯಾವುದಕ್ಕೂ ಕಾಯಲು ಆಗುತ್ತಿರಲಿಲ್ಲ. ಸರದಿಯಲ್ಲಿ ನಿಂತರೆ ಎದೆ ಬಡಿದುಕೊಳ್ಳುತ್ತಿತ್ತು. ಫೋನ್ ಎರಡು ಸಲ ರಿಂಗಾಗಿ ಆ ಕಡೆಯವರು ಎತ್ತದಿದ್ದರೆ ಅಂಗೈ ಬೆವರುತ್ತಿತ್ತು. ಇಂಥ ಮನುಷ್ಯನೊಬ್ಬ ಕಾಯುವುದನ್ನು ಬಿಟ್ಟರೆ ಬೇರೇನೂ ಇಲ್ಲದ ವನ್ಯಜೀವಿ ಛಾಯಾಗ್ರಹಣಕ್ಕೆ ಇಳಿದದ್ದು ವಿಚಿತ್ರವೇ. ಅದು ಹೇಗಾಯಿತು, ಎಲ್ಲೆಲ್ಲಿ ಎಡವಿದೆ, ಯಾವುದಕ್ಕೆ ವ್ಯರ್ಥವಾಗಿ ದುಡ್ಡು ಸುರಿದೆ ಎಂಬುದನ್ನು ಇದೇ ದಾರಿಯಲ್ಲಿ ಹೊರಟವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಕ್ಯಾಮೆರಾ ಹಿಡಿಯುವ ಮುನ್ನ ಮನೋವೈದ್ಯರನ್ನು ಕಂಡಿದ್ದೆ, ಆಮೇಲೂ ಹಲವು ತಿಂಗಳು ಕಾಣುತ್ತಿದ್ದೆ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕುವುದೇ ಬೇಡವೆನಿಸುತ್ತಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೇ ಹೊರತು ಹೊಳೆಯ ದಡಕ್ಕಲ್ಲ. ಹೊರಗೆ ಓಡಾಡಿ ಎಂದು ನನಗೆ ಹೇಳಿದವರು ಆ ವೈದ್ಯರೇ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದನ್ನು ಅವರು ನೆನಪಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರಂತೆ, ಪ್ರಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರಂತೆ. ನಾನು ಕಾದ ಬೆಂಚಿನ ಎದುರಿಗಿದ್ದದ್ದು ಗೋಡೆಯೇ ಎಂಬುದು ಆಗ ನೆನಪಾಯಿತು.

ಮೊದಲ ಎರಡು ತಿಂಗಳು ಬರೀ ಕ್ಯಾಮೆರಾ ಅರ್ಥಮಾಡಿಕೊಳ್ಳುವುದರಲ್ಲೇ ಕಳೆದವು. ಲೆನ್ಸಿನೊಳಗೆ ಕಂಪನ ತಡೆಯುವ ವ್ಯವಸ್ಥೆ ಇದೆಯೆಂದು ಓದಿ, ಇನ್ನು ಚಿಂತೆಯಿಲ್ಲವೆಂದು ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿಯನ್ನು, ಸೆಕೆಂಡಿನ 1/100ರಲ್ಲಿ ಇಟ್ಟು ಗುಬ್ಬಿಗಳ ಬೆನ್ನು ಹತ್ತಿದೆ. ಆ ವ್ಯವಸ್ಥೆ ತಡೆಯುವುದು ನಮ್ಮ ಕೈಯ ನಡುಕವನ್ನೇ ಹೊರತು ಹಕ್ಕಿಯ ಚಲನೆಯನ್ನಲ್ಲ ಎಂಬ ಸರಳ ವಿಷಯ ತಲೆಗೆ ಹೋಗುವಷ್ಟರಲ್ಲಿ ನಾಲ್ಕು ಸಾವಿರ ಫ್ರೇಮುಗಳು ಕಸದ ಬುಟ್ಟಿ ಸೇರಿದ್ದವು. ಸುಮ್ಮನೆ ಕೂತ ಹಕ್ಕಿಗೆ 1/500 ಸಾಕಾಗಬಹುದು. ನೀರಿಗೆ ಧುಮುಕುವ ಹಕ್ಕಿಗೆ 1/2500 ಕೂಡ ಕೆಲವೊಮ್ಮೆ ಸಾಲದು. ಅಷ್ಟು ವೇಗಕ್ಕೆ ಮುಂಜಾನೆಯ ಬೆಳಕು ಸಾಲುವುದಿಲ್ಲವಾದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಮಟ್ಟ) ಏರಿಸಲೇಬೇಕು, ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ. ಕಾಳುಕಾಳಾದರೂ ಸ್ಪಷ್ಟವಾಗಿರುವ ಚಿತ್ರ, ನುಣುಪಾಗಿ ಅಲುಗಿದ ಚಿತ್ರಕ್ಕಿಂತ ಮೇಲು. ಐಎಸ್‌ಒ ಏರಿಸಲು ಹೆದರಬೇಡಿ.

ಕಾಡುಪ್ರಾಣಿಗಳನ್ನು ಹುಡುಕಿಕೊಂಡು ವಾಹನದಲ್ಲಿ ಸುತ್ತುವುದನ್ನೂ ಒಮ್ಮೆ ಪ್ರಯತ್ನಿಸಿದೆ. ಒಂದೇ ಪ್ರಾಣಿಯ ಮುಂದೆ ಆರೇಳು ವಾಹನಗಳು ನಿಂತು, ಎಲ್ಲರೂ ಒಟ್ಟಿಗೆ ಕ್ಲಿಕ್ಕಿಸಿ, ಮುಂದಿನದಕ್ಕೆ ಓಡುವ ಆ ಗಡಿಬಿಡಿ ನನಗೆ ಒಗ್ಗಲಿಲ್ಲ. ಅದು ತಪ್ಪೆಂದು ಹೇಳುತ್ತಿಲ್ಲ, ಆ ಹೊತ್ತಿಗೆ ನನ್ನ ಮನಸ್ಸಿಗೆ ಬೇಕಾದದ್ದು ಅದಾಗಿರಲಿಲ್ಲ. ಮನೆಗೆ ಬಂದು ಅಣ್ಣನ ನೋಟ್‌ಬುಕ್ ತೆರೆದೆ. ಅದರಲ್ಲಿ ಭಾವನೆಯ ಮಾತು ಒಂದೂ ಇರಲಿಲ್ಲ. "6-40 ಬಂತು. 6-52 ಹೋಯಿತು. ಮೀನು ಇಲ್ಲ." "ಎರಡನೆಯ ತಿರುವು, ಎಡದಂಡೆ. ಬೆಳಕು ಬೆನ್ನಿಗೆ." ಹೀಗೆ ಪುಟಗಟ್ಟಲೆ ಟಿಪ್ಪಣಿ. ಯಾವ ಹಕ್ಕಿ ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಮೀನಿನ ಮಾತು ಬಂದದ್ದರಿಂದ ಮಿಂಚುಳ್ಳಿಯೇ ಇರಬೇಕೆಂದು ಊಹಿಸಿದೆ. ಅವನು ವಾರದ ಕೊನೆಗೆ ಹೋಗುತ್ತಿದ್ದ ಹೊಳೆ ಯಾವುದೆಂದು ಅತ್ತಿಗೆಗೆ ಗೊತ್ತಿತ್ತು.

ಅಲ್ಲಿಗೆ ಹೋದ ಮೊದಲ ದಿನವೇ ಕಾವಲುಗಾರರು ತಡೆದರು. ಹೊಳೆಯ ಆ ತಿರುವು ಸಂರಕ್ಷಿತ ಅರಣ್ಯದ ಗಡಿಯೊಳಗೆ ಬರುತ್ತದೆ, ಲಿಖಿತ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ ಎಂದರು. ಅಣ್ಣನ ಅನುಮತಿಪತ್ರ ಅವನ ಹೆಸರಿನಲ್ಲಿತ್ತು, ಅದರ ಅವಧಿಯೂ ಮುಗಿದಿತ್ತು. ನಾನು ಸಲ್ಲಿಸಿದ ಮೊದಲ ಅರ್ಜಿ ಮೂರು ವಾರ ಕಳೆದು ಹಿಂದಿರುಗಿ ಬಂತು: ಕ್ಯಾಮೆರಾ ಮತ್ತು ಲೆನ್ಸಿನ ಕ್ರಮಸಂಖ್ಯೆ ನಮೂದಿಸಿಲ್ಲ. ಎರಡನೆಯದು ಮತ್ತೆ ಹಿಂದಿರುಗಿತು: ಚಿತ್ರಗಳನ್ನು ಮಾರುತ್ತೀರೋ ಇಲ್ಲವೋ ಎಂಬುದನ್ನು ಸ್ಪಷ್ಟಪಡಿಸಿಲ್ಲ. ಮೂರನೆಯ ಸಲ ಗುರುತಿನ ಚೀಟಿಯ ನಕಲು, ಹೋಗುವ ದಿನಾಂಕಗಳ ಪಟ್ಟಿ, ಸ್ಥಳದ ಕೈನಕ್ಷೆ, ವ್ಯಾಪಾರಕ್ಕಲ್ಲವೆಂಬ ಮುಚ್ಚಳಿಕೆ, ಡ್ರೋನ್ ಬಳಸುವುದಿಲ್ಲವೆಂಬ ಹೇಳಿಕೆ ಎಲ್ಲವನ್ನೂ ಲಗತ್ತಿಸಿದೆ. ಒಟ್ಟು ಏಳು ವಾರ ಹಿಡಿಯಿತು. ನಿಯಮಗಳು ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ನೀವು ಹೋಗಬೇಕೆಂದಿರುವ ಜಾಗದ ಕಚೇರಿಯಲ್ಲೇ ಮೊದಲು ವಿಚಾರಿಸಿ, ಅರ್ಜಿ ಕೊಟ್ಟ ದಿನ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ನನ್ನ ಎರಡನೆಯ ಅರ್ಜಿ ಕಡತದಲ್ಲೇ ಇಲ್ಲವೆಂದು ಹೇಳಿದಾಗ ಆ ಮುದ್ರೆಯೇ ನನ್ನನ್ನು ಉಳಿಸಿತು.

ಆ ಏಳು ವಾರಗಳಲ್ಲಿ ಹಳೆಯ ಎದೆಬಡಿತ ಮರುಕಳಿಸಿತು. ಕಚೇರಿಯ ಬಾಗಿಲು, ಬೆಂಚು, ಹೆಸರು ಕೂಗುವುದು ಎಲ್ಲವೂ ಮತ್ತೆ ಅದೇ. ಎರಡು ಸಲ ಅರ್ಧಕ್ಕೇ ಎದ್ದು ಮನೆಗೆ ಬಂದಿದ್ದೇನೆ.

ಅನುಮತಿ ಸಿಕ್ಕ ಮರುದಿನ ಬೆಳಕು ಹರಿಯುವ ಮುಂಚೆಯೇ ಎರಡನೆಯ ತಿರುವಿನಲ್ಲಿದ್ದೆ. ಕಾರ್ಡಿನಲ್ಲಿದ್ದ ಆ ಒಣ ಕೊಂಬೆ ಅಲ್ಲಿಯೇ, ಅದೇ ಬಾಗಿನಲ್ಲಿ ನೀರಿನ ಮೇಲೆ ಚಾಚಿಕೊಂಡಿತ್ತು. ಅದರಿಂದ ಸುಮಾರು 8 ಮೀಟರ್ ದೂರದಲ್ಲಿ ಎಲೆಬಣ್ಣದ ಬಟ್ಟೆಯ ಹೈಡ್ (ಅಡಗಿ ಕೂರುವ ಪುಟ್ಟ ಗುಡಾರ) ಕಟ್ಟಿಕೊಂಡು, ಮಡಚುವ ಪುಟ್ಟ ಕುರ್ಚಿಯ ಮೇಲೆ ಕೂತೆ. ಮೊದಲ ದಿನ ನಾಲ್ಕು ಗಂಟೆ, ಏನೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಕಾಲು ಜೋಮು ಹಿಡಿದು ಹೊರಬರಲಾಗದೆ ಒದ್ದಾಡುತ್ತಿದ್ದಾಗ, ಹಕ್ಕಿ ಛಾಯಾಗ್ರಹಣದ ಆದಿಪುರುಷರಾದ ಕೀಯರ್ಟನ್ ಸಹೋದರರ ನೆನಪಾಯಿತು. 1892ರಲ್ಲಿ ಮೊಟ್ಟೆಗಳ ಸಮೇತ ಹಕ್ಕಿಗೂಡಿನ ಚಿತ್ರ ತೆಗೆದು ಕೆಲಸ ಆರಂಭಿಸಿದ ಅವರು, ಮುಂದೆ ಹಕ್ಕಿಗಳಿಗೆ ಅನುಮಾನ ಬಾರದಿರಲೆಂದು ಟೊಳ್ಳಾದ ಎತ್ತಿನ ಬೊಂಬೆಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಭಾರದ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಅದನ್ನು ನೆನೆದು, ಎಷ್ಟೋ ತಿಂಗಳ ಬಳಿಕ, ಒಬ್ಬನೇ ಕೂತು ನಕ್ಕೆ.

ಹೈಡ್‌ನೊಳಗೆ ನೀವು ಹೊಕ್ಕದ್ದನ್ನು ಹಕ್ಕಿ ಕಂಡಿದ್ದರೆ ಅದು ಬಹಳ ಹೊತ್ತು ಹತ್ತಿರ ಸುಳಿಯುವುದಿಲ್ಲ. ಇದಕ್ಕೆ ಹಳಬರು ಬಳಸುವ ಉಪಾಯವೊಂದಿದೆ: ಇಬ್ಬರು ಒಟ್ಟಿಗೆ ಒಳಹೋಗಿ, ಒಬ್ಬರು ಎದ್ದು ಕಾಣುವಂತೆ ಹೊರಗೆ ನಡೆದುಬಿಡುವುದು. ಬಂದವರು ಹೋದರೆಂದು ಹಕ್ಕಿ ನಂಬುತ್ತದೆ. ನನಗೆ ಜೊತೆಯಿಲ್ಲದ್ದರಿಂದ ಕತ್ತಲಿರುವಾಗಲೇ ಹೋಗಿ ಕೂರುತ್ತಿದ್ದೆ.

ನಾಲ್ಕನೆಯ ದಿನ 6-47ಕ್ಕೆ ಅದು ಬಂತು. ಬಂದದ್ದನ್ನು ನೋಡಲಿಲ್ಲ, ಮೊದಲು 'ಚೀ' ಎಂಬ ಒಂದು ಚೂಪಾದ ದನಿ, ಆಮೇಲೆ ಕೊಂಬೆಯ ಮೇಲೆ ಹಕ್ಕಿ. ಬೆನ್ನು ನೀಲಿ, ಎದೆ ಕಿತ್ತಳೆ, ಕೊಕ್ಕಿನಿಂದ ಬಾಲದವರೆಗೆ ಸುಮಾರು 16 ಸೆಂ.ಮೀ. ಇರುವ ಪುಟ್ಟ ಮಿಂಚುಳ್ಳಿ. ಕೆಳಕೊಕ್ಕು ಕೆಂಪಾಗಿತ್ತು, ಆದ್ದರಿಂದ ಹೆಣ್ಣು. ಗಂಡಿನ ಕೊಕ್ಕು ಪೂರ್ತಿ ಕಪ್ಪು. ಆ ಬೆನ್ನಿನ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಗಳ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಮೂಡುವಂಥದು. ಹಾಗಾಗಿ ಅದು ಕೂತಲ್ಲೇ ಒಂದಿಷ್ಟು ಹೊರಳಿದರೂ ನೀಲಿ ಹಸಿರಿಗೆ ತಿರುಗಿ ಮತ್ತೆ ನೀಲಿಯಾಗುತ್ತಿತ್ತು. ನಾನು ಶಟರ್ ಒತ್ತಲು ಮರೆತೆ. ಅದು ತಲೆಯನ್ನು ಮೇಲೆ ಕೆಳಗೆ ಎರಡು ಸಲ ಕುಣಿಸಿ, ನೀರಿಗೆ ಧುಮುಕಿ, ಬರಿಗೊಕ್ಕಿನಲ್ಲಿ ಮೇಲೆದ್ದು ಹೊರಟುಹೋಯಿತು. ಹೈಡ್‌ನಿಂದ ಹೊರಬಂದು ಗಡಿಯಾರ ನೋಡಿದರೆ ಒಂಬತ್ತೂವರೆ. ಮೂರು ಗಂಟೆ ಕಾದಿದ್ದರೂ ಎದೆ ಒಮ್ಮೆಯೂ ಬಡಿದುಕೊಂಡಿರಲಿಲ್ಲ ಎಂಬುದು ಮನೆಯ ದಾರಿಯಲ್ಲಿ ಅರ್ಧ ಬಂದ ಮೇಲೆ ಹೊಳೆಯಿತು.

ಏಕೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ ಕಣ್ಣಿಗೆ ಕೆಲಸವಿರಲಿಲ್ಲ, ಕಿವಿಗೆ ಮಾತ್ರ ಇತ್ತು, ಕಿವಿ ಕಾಯುತ್ತಿದ್ದದ್ದೂ ಒಂದೇ ಸುದ್ದಿಗೆ. ಇಲ್ಲಿ ಹಾಗಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೆರಳು ಕೊಂಬೆಯನ್ನು ಎಷ್ಟು ಹೊತ್ತಿಗೆ ಬಿಡುತ್ತದೆ, ಸಣ್ಣ ಮೀನಿನ ಗುಂಪು ಇಂದು ಯಾವ ಬಂಡೆಯ ಬಳಿ ಇದೆ ಎಂದು ನೋಡುತ್ತಲೇ ಇರಬೇಕು. ಹಕ್ಕಿ ಬಾರದಿದ್ದರೂ ನೋಟ್‌ಬುಕ್ಕಿನ ಅರ್ಧ ಪುಟ ತುಂಬುತ್ತಿತ್ತು. ಬಾರದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂಬುದೂ ಒಂದು ದೊಡ್ಡ ಬಿಡುಗಡೆಯೇ.

ಉಪಕರಣದ ಕಷ್ಟಗಳಿಗೆ ಬರುತ್ತೇನೆ. 8 ಮೀಟರ್ ದೂರದ ಹಕ್ಕಿಗೆ 400 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬುದರ ಅಳತೆ) ಇಟ್ಟರೆ, ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು 13 ಸೆಂ.ಮೀ., ಅಂದರೆ ಒಂದು ಗೇಣಿಗೂ ಕಡಿಮೆ. ಕೊಕ್ಕಿನ ತುದಿಗೆ ಫೋಕಸ್ ಬಿದ್ದರೆ ಬಾಲ ಮಸುಕಾಗಬಹುದು. ಕಣ್ಣಿಗೆ ಬಿದ್ದರೆ ಉಳಿದದ್ದು ಹೇಗಿದ್ದರೂ ನೋಡುವವರು ಕ್ಷಮಿಸುತ್ತಾರೆ. ಇನ್ನೊಂದು ತೊಡಕು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂಬತ್ತು ಗಂಟೆಯ ನಂತರ ತೆಗೆದ ದೂರದ ಚಿತ್ರಗಳೆಲ್ಲ, ಟ್ರೈಪಾಡ್ ಎಷ್ಟೇ ಗಟ್ಟಿಯಾಗಿದ್ದರೂ, ಮೃದುವಾಗಿ ಕದಡಿದಂತೆ ಬರುತ್ತಿದ್ದವು. ಲೆನ್ಸ್ ಕೆಟ್ಟಿತೆಂದು ರಿಪೇರಿಗೆ ಕೊಟ್ಟು ಹಣ ಕಳೆದುಕೊಂಡೆ. ದೋಷ ಲೆನ್ಸಿನದಾಗಿರಲಿಲ್ಲ, ಬಿಸಿಲೇರಿದಾಗ ದಡದ ಬಂಡೆಗಳಿಂದ ಏಳುವ ಬಿಸಿಗಾಳಿಯ ಅಲೆಗಳದಾಗಿತ್ತು. ಅದಕ್ಕೆ ಮದ್ದಿಲ್ಲ, ಬೇಗ ಎದ್ದು ಹೋಗಬೇಕು ಅಥವಾ ಹತ್ತಿರ ಹೋಗಬೇಕು. ಒಮ್ಮೆಯಂತೂ ನಿದ್ದೆಗಣ್ಣಿನಲ್ಲಿ, ನಕಲು ಮಾಡಿಕೊಳ್ಳದ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿ ಹನ್ನೊಂದು ದಿನಗಳ ಕೆಲಸವನ್ನು ಅಳಿಸಿಹಾಕಿದೆ. ಅಂದಿನಿಂದ, ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಬೋರಲು ಇಡುವ ರೂಢಿ ಮಾಡಿಕೊಂಡಿದ್ದೇನೆ.

'ಹತ್ತಿರ ಹೋಗಬೇಕು' ಎಂದೆನಲ್ಲ, ಇಡೀ ವರ್ಷದಲ್ಲಿ ನನ್ನ ಅತಿ ದೊಡ್ಡ ತಪ್ಪು ಅದೇ. ಎದುರು ದಂಡೆಯ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿ ಜೋಡಿ ಬಿಲ ತೋಡಿತ್ತು. ಮೊಟ್ಟೆಗೆ ಕಾವು ಕೊಡುವುದು ಸುಮಾರು ಮೂರು ವಾರ, ಮರಿಗಳು ಬಿಲದೊಳಗೆ ಬೆಳೆಯುವುದು ಇನ್ನೂ ಮೂರೂವರೆ ವಾರ. ಬಿಲದ ಬಾಯಿಂದ ಬಿಳಿ ಹಿಕ್ಕೆಯ ಗೆರೆ ಇಳಿದಾಗ ಮರಿಗಳು ಒಳಗಿವೆ ಎಂದು ತಿಳಿದು, ಆಸೆ ತಡೆಯಲಾರದೆ, ಒಂದು ರಾತ್ರಿ ಹೈಡನ್ನು ಕಿತ್ತು ಬಿಲದಿಂದ 5 ಮೀಟರಿಗೆ ತಂದಿಟ್ಟೆ.

ಬೆಳಿಗ್ಗೆ ಗಂಡು ಹಕ್ಕಿ ಮೀನು ಹಿಡಿದು ಬಂತು. ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಮಿಂಚುಳ್ಳಿ ತಾನು ತಿನ್ನುವ ಮೀನನ್ನು ತಲೆ ಗಂಟಲ ಕಡೆಗೆ ಬರುವಂತೆ ಹಿಡಿಯುತ್ತದೆ, ಇಲ್ಲದಿದ್ದರೆ ಮೀನಿನ ರೆಕ್ಕೆ, ಹುರುಪೆಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೇರೆಯವರಿಗೆ ಕೊಡಬೇಕಾದಾಗ ಮೀನಿನ ತಲೆ ಹೊರಮುಖವಾಗಿರುತ್ತದೆ, ತೆಗೆದುಕೊಳ್ಳುವ ಬಾಯಿಗೆ ಸುಲಭವಾಗಲೆಂದು. ಅಂದು ಮೀನಿನ ತಲೆ ಹೊರಗಿತ್ತು. ಹಕ್ಕಿ ಬಿಲದ ಕಡೆಗೆ ಹಾರಿ, ನನ್ನ ಹೈಡ್ ಕಂಡು ಗಕ್ಕನೆ ತಿರುಗಿ, ದೂರದ ಬೇರಿನ ಮೇಲೆ ಕೂತಿತು. ಮತ್ತೆ ಬಂತು, ಮತ್ತೆ ತಿರುಗಿತು. ಹೀಗೆ 22 ನಿಮಿಷ. ಕೊನೆಗೆ ಅದು ಮೀನನ್ನು ಕೊಕ್ಕಿನಲ್ಲೇ ಹೊರಳಿಸಿ, ತಲೆಯನ್ನು ಒಳಮುಖ ಮಾಡಿ, ತಾನೇ ನುಂಗಿಬಿಟ್ಟಿತು. ಆ ಹೊರಳಿಸುವ ಕ್ಷಣದ ಚಿತ್ರ ನನ್ನ ಬಳಿ ಇದೆ. ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟವಾಗಿದೆ. ಯಾರಿಗೂ ತೋರಿಸಿಲ್ಲ. ಹಗಲಲ್ಲೇ ಹೈಡ್ ಕಿತ್ತುಕೊಂಡು ಹಿಂದೆ ಸರಿದೆ, ಮರಿಗಳು ಹೊರಬರುವವರೆಗೆ ಆ ಕಡೆ ತಲೆ ಹಾಕಲಿಲ್ಲ. ಗೂಡಿನ ಹತ್ತಿರ ಚಿತ್ರ ತೆಗೆಯಬೇಡಿ ಎಂದು ಹಿರಿಯ ಛಾಯಾಗ್ರಾಹಕರೆಲ್ಲ ಹೇಳಿಕೊಂಡೇ ಬಂದಿದ್ದಾರೆ. ನಾನು ಓದಿಯೂ ಇದ್ದೆ. ಓದಿದ್ದು ಸಾಕಾಗಲಿಲ್ಲ. ನಿಮಗೆ ಸಾಕಾಗಲಿ.

ಖರ್ಚಿನ ಬಗ್ಗೆ ಕೇಳುವವರಿಗೆ ಎರಡು ಮಾತು. ಹೊಸ ಕ್ಯಾಮೆರಾಕ್ಕಿಂತ ಒಳ್ಳೆಯ ಹಳೆಯ ಲೆನ್ಸ್ ಮೇಲು. ಕೈಬದಲಾದ ಲೆನ್ಸ್ ಕೊಳ್ಳುವಾಗ ಅದರೊಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಬೂಷ್ಟು ಇದೆಯೇ ಎಂದು ನೋಡಿ, ತೇವದ ಹವೆಯಲ್ಲಿ ಅದು ಹರಡುತ್ತಲೇ ಹೋಗುತ್ತದೆ. ಕಾಳು ತುಂಬಿದ ಬಟ್ಟೆಯ ಚೀಲವೊಂದು ಅನೇಕ ಕಡೆ ದುಬಾರಿ ಟ್ರೈಪಾಡಿನ ಕೆಲಸ ಮಾಡುತ್ತದೆ. ನಾನು ಊಹಿಸದೇ ಇದ್ದ ಖರ್ಚು ಹಾರ್ಡ್ ಡಿಸ್ಕುಗಳದು: ವರ್ಷದಲ್ಲಿ ತೆಗೆದ 31,000 ಫ್ರೇಮುಗಳನ್ನು ಎರಡು ಪ್ರತಿಗಳಲ್ಲಿ ಇಡಲು ನಾಲ್ಕು ಬೇಕಾದವು.

ವರ್ಷದ ಕೊನೆಗೆ ಹನ್ನೆರಡು ಚಿತ್ರಗಳನ್ನು ಆರಿಸಿ ಒಂದು ಸ್ಪರ್ಧೆಗೆ ಕಳಿಸಿದೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು, ಗಂಡು ಹಕ್ಕಿ ಅದೇ ಒಣ ಕೊಂಬೆಯ ಮೇಲೆ ಹೆಣ್ಣಿಗೆ ಮೀನು ದಾಟಿಸುತ್ತಿರುವ ಚಿತ್ರ. ಇಬ್ಬರ ಕೊಕ್ಕಿನಲ್ಲೂ ಒಂದೇ ಮೀನು. ಮೊದಲ ಸುತ್ತು ದಾಟಿತು. ಎರಡನೆಯ ಸುತ್ತಿಗೆ ಮೂಲ ರಾ ಫೈಲ್ (ಕ್ಯಾಮೆರಾ ದಾಖಲಿಸಿದ, ಸಂಸ್ಕರಿಸದ ಕಡತ), ತೆಗೆದ ದಿನಾಂಕ, ಹಕ್ಕಿಗೆ ಆಮಿಷ ಒಡ್ಡಿಲ್ಲವೆಂಬ ಘೋಷಣೆ ಮತ್ತು ಅರಣ್ಯದ ಅನುಮತಿಪತ್ರದ ಪ್ರತಿ ಕಳಿಸಬೇಕೆಂದು ಪತ್ರ ಬಂತು. ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. 2009ರಲ್ಲಿ ಹೆಸರಾಂತ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ, ಗೇಟು ಹಾರುವ ತೋಳದ ಚಿತ್ರಕ್ಕೆ ಕೊಟ್ಟ ಅಗ್ರ ಪ್ರಶಸ್ತಿಯನ್ನು, ಆ ತೋಳ ಪಳಗಿದ್ದಿರಬಹುದೆಂದು ತೀರ್ಮಾನಿಸಿ 2010ರ ಆರಂಭದಲ್ಲಿ ಹಿಂದಕ್ಕೆ ಪಡೆಯಲಾಗಿತ್ತು. ನನ್ನಲ್ಲಿ ಎಲ್ಲ ಕಾಗದಗಳೂ ಇದ್ದವು, ಅನುಮತಿಪತ್ರದ ಮೂರೂ ಅರ್ಜಿಗಳ ಸಮೇತ. ರಾ ಫೈಲ್ ಇರಲಿಲ್ಲ. ಆ ವಾರ ಕಾರ್ಡಿನಲ್ಲಿ ಜಾಗ ಉಳಿಸಲೆಂದು ಬರೀ ಜೆಪೆಗ್‌ಗೆ ಬದಲಿಸಿದ್ದವನು ಮತ್ತೆ ಸರಿಪಡಿಸಲು ಮರೆತಿದ್ದೆ. ಚಿತ್ರ ಸ್ಪರ್ಧೆಯಿಂದ ಹೊರಬಿತ್ತು. ಬೇಸರವಾಯಿತು, ಒಂದೆರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಪ್ರತಿದಿನ ಹೊರಡುವ ಮುನ್ನ ಸೆಟ್ಟಿಂಗ್ ನೋಡಿಕೊಳ್ಳಿ ಎಂಬುದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟಿದ್ದೇನೆ.

ಆ ಚಿತ್ರವನ್ನೇ ದೊಡ್ಡದಾಗಿ ಮುದ್ರಿಸಿ ಅತ್ತಿಗೆಗೆ ಕೊಡಲು ಹೋದೆ. ಅವರು ಅದನ್ನು ಬಹಳ ಹೊತ್ತು ನೋಡಿ, "ಅವರು ತೆಗೆದದ್ದೂ ಇದೇ ಜಾಗವಾ?" ಎಂದು ಕೇಳಿದರು. ಲ್ಯಾಪ್‌ಟಾಪಿನಲ್ಲಿ ಅಣ್ಣನ 214 ಚಿತ್ರಗಳನ್ನು ತೆರೆದೆ. ಹಕ್ಕಿ ಬರುವ ಮುಂಚೆಯೇ ಕೊಂಬೆಗೆ ಫೋಕಸ್ ಹಿಡಿದು, ಬೆಳಕು ಬದಲಾದಂತೆಲ್ಲ ಒಂದೊಂದು ಫ್ರೇಮ್ ತೆಗೆದು ಪರೀಕ್ಷಿಸುವುದು ಈಗ ನನಗೂ ದಿನದ ಅಭ್ಯಾಸ; ಅವುಗಳಲ್ಲಿ ಹೆಚ್ಚಿನವು ಅಂಥವೇ ಎಂದು ಅವರಿಗೆ ವಿವರಿಸುತ್ತಾ ಹೋದೆ. ಕೊಂಬೆಯ ತುದಿ ಮಸುಕಾದ ಚಿತ್ರ ಬಂದಾಗ ಅವರು, "ಇದು ಕೆಟ್ಟಿದೆಯಲ್ಲ, ಕೈ ನಡುಗಿತ್ತಾ?" ಎಂದರು.

ನಾನು ಅದನ್ನು ದೊಡ್ಡದು ಮಾಡಿದೆ. ಕೊಂಬೆಯ ಬುಡ, ಹಿಂದಿನ ಬಂಡೆ, ಬಂಡೆಯ ಮೇಲಿನ ಪಾಚಿ ಎಲ್ಲವೂ ನಿಚ್ಚಳವಾಗಿದ್ದವು. ಕೈ ನಡುಗಿದ್ದರೆ ಅವೂ ಕದಡಬೇಕಿತ್ತು. ಅಲುಗಿದ್ದದ್ದು ತುದಿಯೊಂದೇ, ಅದೂ ಮೇಲಕ್ಕೂ ಕೆಳಕ್ಕೂ.

"ಇಲ್ಲ ಅತ್ತಿಗೆ, ಅದು ಆಗಷ್ಟೇ ಹಾರಿಹೋಗಿತ್ತು" ಎಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಂದಿನ ಚಿತ್ರ ತೋರಿಸು ಎಂದರು.